ಎರಡು ಬಾರಿ ಒಡೆದ ವಂಗದೇಶ

ಪ್ರತಿವರ್ಷ ನವೆಂಬರ್ 1 ರಂದು ಶಾಲೆಯ ಅಂಗಳದಲ್ಲಿ ನೆರೆದು, ನಾಡಗೀತೆಯನ್ನು ಹಾಡಿ, ನಾವು ರಾಜ್ಯೋತ್ಸವವನ್ನು ಆಚರಿಸುತ್ತೇವೆ. 1956 ರಲ್ಲಿ ಆ ದಿನ ಹರಿದು ಹಂಚಿಹೋಗಿದ್ದ ಕನ್ನಡನಾಡು ಒಂದಾಯಿತೆಂಬುದನ್ನು ನಮ್ಮ ಒಂದನೆಯ ತರಗತಿಯ ಮಗುವೂ ಬಲ್ಲದು. ಆದರೆ ಅದೇ ದಿನ, ನಮಗೆ ಬಹು ದೂರದಲ್ಲಿರುವ ಪುರುಲಿಯಾ ಎಂಬ ಪ್ರದೇಶದ ಜನರೂ ತಮ್ಮ ಭಾಷೆಯ ರಾಜ್ಯವನ್ನು ಸೇರಿದರೆಂಬ ಸಂಗತಿ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅವರು ಬಂಗಾಳಿಗಳು. ಅದುವರೆಗೆ ಬಿಹಾರದಲ್ಲಿದ್ದರು. ಆ ವರ್ಷದ ಬೇಸಗೆಯಲ್ಲಿ ಅವರಲ್ಲಿ ಸಾವಿರ ಮಂದಿ, ಹೆಂಗಸರು ಗಂಡಸರೆನ್ನದೆ, ಸುಮಾರು ಮುನ್ನೂರು ಕಿಲೋಮೀಟರ್ ದೂರ ನಡೆದು ಕಲ್ಕತ್ತೆಗೆ ಹೋದರು. ಅಲ್ಲಿ ಸೆರೆಮನೆಯನ್ನು ಕಂಡರು.

ದೇಶಕ್ಕೆ ಸ್ವಾತಂತ್ರ್ಯ ಬಂದು ಒಂಬತ್ತು ವರ್ಷ ತುಂಬುತ್ತಿದ್ದ ಕಾಲದಲ್ಲಿ, ಸ್ವಂತ ಸರ್ಕಾರದ ಮುಂದೆಯೇ ಜನರು ಹೀಗೇಕೆ ನಡೆದು ಹೋಗಬೇಕಾಯಿತು? ಇದಕ್ಕೆ ಉತ್ತರವನ್ನು ಹುಡುಕಹೊರಟರೆ ನಾವು ಅರ್ಧ ಶತಮಾನ ಹಿಂದಕ್ಕೆ ಸರಿಯಬೇಕು. ಕಲ್ಕತ್ತೆಯ ಕಥೆಯೇ ಈ ಉತ್ತರ. (2001 ರಿಂದ ಅದರ ಅಧಿಕೃತ ಹೆಸರು ಕೋಲ್ಕತ್ತ, ಹಳೆಯ ಸಂಗತಿಗಳನ್ನು ಹೇಳುವಾಗ ಹಳೆಯ ಹೆಸರೇ ನಾಲಗೆಗೆ ಬರುವುದರಿಂದ ಅದನ್ನೇ ಬಳಸಿದ್ದೇವೆ.)

1905 ರಲ್ಲಿ ಕಲ್ಕತ್ತೆಯು ಇಡೀ ಬ್ರಿಟಿಷ್ ಇಂಡಿಯಾದ ರಾಜಧಾನಿಯಾಗಿತ್ತು. ಬಂಗಾಳ ಪ್ರಾಂತವೆಂದರೆ ಆಗ ಬಿಹಾರ, ಒರಿಸ್ಸಾಗಳೂ ಸೇರಿದ, ಎಂಟು ಕೋಟಿಗೆ ಸಮೀಪದ ಜನಸಂಖ್ಯೆಯುಳ್ಳ ಮಹಾ ಪ್ರಾಂತ. ಇಷ್ಟು ದೊಡ್ಡದನ್ನು ಒಬ್ಬ ಅಧಿಕಾರಿ ಆಳುವುದು ಕಷ್ಟವೆಂದು ಹೇಳಿ ವೈಸರಾಯ್ ಕರ್ಜನ್ ಅದನ್ನು ಎರಡಾಗಿ ಸೀಳಿದನು. ಮಾತು ಸುಳ್ಳಲ್ಲ, ಆಡಳಿತ ಕಷ್ಟವೇ ಆಗಿತ್ತು. ಆದರೆ ಹಾಗೆಂದು ಬಿಹಾರವನ್ನೋ ಒರಿಸ್ಸಾವನ್ನೋ ಬೇರ್ಪಡಿಸಲಿಲ್ಲ. ಬಂಗಾಳಿ ಮಾತಾಡುವ ನಾಡಿನ ನಟ್ಟನಡುವೆಯೇ ಗೆರೆಯನ್ನೆಳೆದರು. ಪೂರ್ವದ ಭಾಗಕ್ಕೆ ಅಸ್ಸಾಮನ್ನು ಸೇರಿಸಿ ಢಾಕೆಯನ್ನು ರಾಜಧಾನಿ ಮಾಡಿದರು; ಅಲ್ಲಿ ಮುಸಲ್ಮಾನರು ಬಹುಸಂಖ್ಯಾತರಾದರು. ಪಶ್ಚಿಮದ ಭಾಗದಲ್ಲಿ ಬಿಹಾರಿ, ಒಡಿಯಾ ಜನರ ನಡುವೆ ಬಂಗಾಳಿಗಳು ಅಲ್ಪಸಂಖ್ಯಾತರಾದರು. ಒಂದಾಗಿರುವ ಬಂಗಾಳವು ಒಂದು ಶಕ್ತಿ, ಒಡೆದ ಬಂಗಾಳವು ಹಲವು ದಿಕ್ಕಿಗೆ ಎಳೆಯುತ್ತದೆ ಎಂಬ ಅರ್ಥದ ಮಾತನ್ನು ಕರ್ಜನನ ಗೃಹಖಾತೆಯ ಕಾರ್ಯದರ್ಶಿ ರಿಸ್ಲೆ ಎಂಬವನು 1904 ರಲ್ಲೇ ಬರೆದಿಟ್ಟಿದ್ದನು. ಒಳಗಿನ ಉದ್ದೇಶವು ಸರ್ಕಾರಿ ಕಡತದಲ್ಲಿ ಇಷ್ಟು ನೇರವಾಗಿ ಸಿಕ್ಕುವುದು ಅಪರೂಪ.

ವಿಭಜನೆ ಜಾರಿಗೆ ಬಂದ ದಿನ, 1905 ರ ಅಕ್ಟೋಬರ್ 16. ಅಂದು ಬಂಗಾಳದ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಿಸಲಿಲ್ಲ. ಜನರು ಗಂಗೆಯಲ್ಲಿ ಮಿಂದು, ಪರಸ್ಪರರ ಕೈಗೆ ರಾಖಿಯನ್ನು ಕಟ್ಟಿದರು. ಈ ರಾಖೀಬಂಧನದ ಕಲ್ಪನೆಯನ್ನು ಮುಂದಿಟ್ಟವರು ರವೀಂದ್ರನಾಥ ಠಾಕೂರರು. ಅಂದು ಅವರು ತಾವೇ ಬೀದಿಗಿಳಿದು ದಾರಿಹೋಕರಿಗೆಲ್ಲ ರಾಖಿ ಕಟ್ಟಿದರು. ಅಪರಾಹ್ಣ, ಎರಡು ಭಾಗಗಳ ಏಕತೆಯ ಗುರುತಾಗಿ ಒಂದು ಸಭಾಭವನಕ್ಕೆ ಶಂಕುಸ್ಥಾಪನೆಯಾಯಿತು. ಮರಣಶಯ್ಯೆಯಲ್ಲಿದ್ದ ಆನಂದಮೋಹನ ಬೋಸರನ್ನು ಕುರ್ಚಿಯಲ್ಲಿ ಹೊತ್ತು ತಂದು ಆ ಕಾರ್ಯವನ್ನು ಮಾಡಿಸಿದರು. ವಿದೇಶೀ ಬಟ್ಟೆಯ ಬಹಿಷ್ಕಾರ, ಸ್ವದೇಶೀ ವ್ರತ, ರಾಷ್ಟ್ರೀಯ ಶಾಲೆಗಳು—ಇವೆಲ್ಲ ಆಗಿನವೇ. ಈ ವಂಗಭಂಗ ಚಳವಳಿಯ ಗಾಳಿ ನಮ್ಮ ಧಾರವಾಡದವರೆಗೂ ಬೀಸಿತು. ಒಂದೇ ಭಾಷೆಯ ಜನರು ಒಡೆಯಬಾರದೆಂದು ಬಂಗಾಳಿಗಳು ಹೋರಾಡುತ್ತಿರಲು, ಹಿಂದೆಯೇ ಒಡೆದುಹೋಗಿರುವ ಕನ್ನಡಿಗರು ಒಂದಾಗಬಾರದೇಕೆ ಎಂಬ ಯೋಚನೆಗೆ ಆಲೂರು ವೆಂಕಟರಾಯರಂತಹವರಿಗೆ ಅದು ಸ್ಫೂರ್ತಿಯಾಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಬಹು ಸುಂದರವಾಗುತ್ತದೆ. ಆದರೆ ಪೂರ್ತಿ ನಿಜವಾಗುವುದಿಲ್ಲ. ಪೂರ್ವ ಬಂಗಾಳದ ಜಮೀನುದಾರರಲ್ಲಿ ಬಹುಮಂದಿ ಹಿಂದೂಗಳು. ಉಳುವ ರೈತರಲ್ಲಿ ಬಹುಮಂದಿ ಮುಸಲ್ಮಾನರು. ಕಲ್ಕತ್ತೆಯ ವಿದ್ಯಾವಂತರಿಗೆ ಸ್ವದೇಶೀ ಬಟ್ಟೆ ವ್ರತವಾಗಿದ್ದರೆ, ಆ ಬಡ ರೈತನಿಗೆ ಅದು ಹೆಚ್ಚು ಬೆಲೆಯ ಬಟ್ಟೆ ಮಾತ್ರವಾಗಿತ್ತು. ಢಾಕೆ ರಾಜಧಾನಿಯಾದರೆ ತಮ್ಮ ಮಕ್ಕಳಿಗೂ ಶಾಲೆ, ನೌಕರಿ ದೊರೆತೀತೆಂಬ ಆಸೆ ಅಲ್ಲಿನವರಲ್ಲಿ ಹುಟ್ಟಿದ್ದರೆ ಅದನ್ನು ತಪ್ಪೆನ್ನಲಾಗದು. 1906 ರ ಡಿಸೆಂಬರಿನಲ್ಲಿ ಮುಸ್ಲಿಂ ಲೀಗ್ ಸ್ಥಾಪನೆಯಾದುದು ಢಾಕೆಯಲ್ಲಿಯೇ. ರಾಖಿ ಎಲ್ಲರ ಕೈಗೂ ಮುಟ್ಟಿರಲಿಲ್ಲವೆಂಬುದನ್ನು ನಾವು ಮರೆಯಬಾರದು.

1911 ರ ಡಿಸೆಂಬರ್ 12 ರಂದು ದೆಹಲಿಯ ದರ್ಬಾರಿನಲ್ಲಿ ಐದನೆಯ ಜಾರ್ಜ್ ದೊರೆಯು ವಿಭಜನೆಯನ್ನು ರದ್ದುಪಡಿಸಿದನು. ಬಂಗಾಳಿಗಳು ಗೆದ್ದರು. ಆದರೆ ಆ ಗೆಲುವಿಗೆ ಕಲ್ಕತ್ತೆಯು ಬೆಲೆ ತೆತ್ತಿತು. ರಾಜಧಾನಿಯು ದೆಹಲಿಗೆ ಹೋಯಿತು. ಇದರ ಜತೆಗೆ ಇನ್ನೊಂದು ಕೆಲಸವೂ ನಡೆಯಿತು. ಬಿಹಾರ ಮತ್ತು ಒರಿಸ್ಸಾಗಳನ್ನು 1912 ರಲ್ಲಿ ಬೇರೆ ಪ್ರಾಂತವಾಗಿ ಮಾಡುವಾಗ, ಬಂಗಾಳಿ ಜನರೇ ಹೆಚ್ಚಾಗಿದ್ದ ಮಾನಭೂಮ್ ಜಿಲ್ಲೆಯು ಬಿಹಾರದ ಪಾಲಿಗೆ ಬಿದ್ದಿತು. ಎರಡು ತುಂಡುಗಳನ್ನು ಹೊಲಿದ ಸೂಜಿಯೇ ಮತ್ತೊಂದು ತುಂಡನ್ನು ಹರಿಯಿತು. ಆ ಜಿಲ್ಲೆಯ ಮುಖ್ಯ ಪಟ್ಟಣವೇ ಪುರುಲಿಯಾ. ಈ ಹೆಸರನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಈ ನಡುವೆ, 1909 ರಲ್ಲಿ, ಆಂಗ್ಲ ಸರ್ಕಾರವು 'ಪ್ರತ್ಯೇಕ ಮತಕ್ಷೇತ್ರ'ವೆಂಬ ಒಂದು ಏರ್ಪಾಡನ್ನು ತಂದಿತ್ತು. ಮುಂದಿನದೆಲ್ಲ ಇದರಿಂದಲೇ ಬೆಳೆದುದರಿಂದ ಇದನ್ನು ಸ್ವಲ್ಪ ವಿವರಿಸುವುದು ಅವಶ್ಯ. ನಮ್ಮ ಶಾಲೆಯಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಡೆಯುತ್ತಿದೆಯೆಂದು ಊಹಿಸಿಕೊಳ್ಳಿ. ವಿದ್ಯಾರ್ಥಿನಿಲಯದವರು ವಿದ್ಯಾರ್ಥಿನಿಲಯದವರಿಗೇ ಮತ ಕೊಡಬೇಕು. ಮನೆಯಿಂದ ಬರುವವರು ಮನೆಯಿಂದ ಬರುವವರಿಗೇ ಕೊಡಬೇಕು ಎಂದು ಮುಖ್ಯೋಪಾಧ್ಯಾಯರು ನಿಯಮ ಮಾಡಿದರೆನ್ನಿ. ಆಗ ಏನಾಗುತ್ತದೆ? ವಿದ್ಯಾರ್ಥಿನಿಲಯದ ಅಭ್ಯರ್ಥಿಯು ಮನೆಯಿಂದ ಬರುವ ಒಬ್ಬ ಹುಡುಗನನ್ನಾದರೂ ಮಾತನಾಡಿಸಬೇಕಾದ ಅಗತ್ಯವಿಲ್ಲ. ಅವನು ಗೆಲ್ಲಬೇಕಾದರೆ 'ನಮ್ಮ ಅನ್ನವನ್ನು ಅವರು ಕಸಿಯುತ್ತಿದ್ದಾರೆ' ಎಂದರೆ ಸಾಕು. ಇನ್ನೊಂದು ಕಡೆಯವನೂ ಅದನ್ನೇ ಹೇಳುತ್ತಾನೆ. ನೀರಿನ ತೊಟ್ಟಿ ಸೋರುತ್ತಿರುವುದು ಇಬ್ಬರ ಸಮಸ್ಯೆಯಾದರೂ ಅದನ್ನು ಎತ್ತುವವರಿಲ್ಲ. ಕೆಲವೇ ವರ್ಷಗಳಲ್ಲಿ ಒಂದು ಶಾಲೆ ಎರಡು ಶಾಲೆಯಾಗುತ್ತದೆ. ಅಲ್ಪಸಂಖ್ಯಾತರ ದನಿಯು ಅಡಗಿಹೋಗಬಾರದೆಂಬ ಕಾಳಜಿ ನ್ಯಾಯವಾದುದೇ. ಆದರೆ ಅದಕ್ಕೆ ಸಿಕ್ಕಿದ ಮದ್ದು ಇದಾಯಿತು.

ಇದಕ್ಕೆ ಬೇರೆ ದಾರಿಯನ್ನು ಹುಡುಕಿದವರು ಇರಲಿಲ್ಲವೆಂದಲ್ಲ. ದೇಶಬಂಧು ಚಿತ್ತರಂಜನ ದಾಸರು 1923 ರಲ್ಲಿ ಎರಡು ಸಮುದಾಯಗಳ ನಡುವೆ ಒಂದು ಒಪ್ಪಂದವನ್ನು ರೂಪಿಸಿದರು. ಸ್ವರಾಜ್ಯ ಬಂದ ಮೇಲೆ ಬಂಗಾಳದ ಸರ್ಕಾರಿ ಹುದ್ದೆಗಳಲ್ಲಿ ನೂರಕ್ಕೆ 55 ಮುಸಲ್ಮಾನರಿಗೆ ದೊರೆಯಬೇಕೆಂಬುದು ಅದರ ಒಂದು ಅಂಶ. 1924 ರಲ್ಲಿ ದಾಸರು ಕಲ್ಕತ್ತೆ ಕಾರ್ಪೊರೇಷನ್ನಿನ ಮೇಯರಾದಾಗ ಉಪಮೇಯರಾದವರು ಹುಸೇನ್ ಶಹೀದ್ ಸುಹ್ರಾವರ್ದಿ. ಮುಖ್ಯ ಕಾರ್ಯನಿರ್ವಾಹಕರಾದವರು ಇಪ್ಪತ್ತೇಳು ವಯಸ್ಸಿನ ಸುಭಾಷಚಂದ್ರ ಬೋಸರು. ಈ ಮೂರು ಹೆಸರುಗಳು ಒಂದೇ ಕಚೇರಿಯಲ್ಲಿ ಕೂಡಿದ್ದುವೆಂದರೆ ಇಂದು ನಂಬುವುದೇ ಕಷ್ಟ. ಆದರೆ ದಾಸರು 1925 ರ ಜೂನಿನಲ್ಲಿ ತೀರಿಕೊಂಡರು. ಮರುವರ್ಷವೇ ಅವರ ಪಕ್ಷದವರು ಒಪ್ಪಂದವನ್ನು ಕೈಬಿಟ್ಟರು. ಬಂಗಾಳದ ಇತಿಹಾಸದಲ್ಲಿ ನಮಗೆ ಅತ್ಯಂತ ವಿಷಾದವನ್ನುಂಟುಮಾಡುವ ತಿರುವು ಇದು; ಗದ್ದಲವಿಲ್ಲದೆ ನಡೆದ ಕಾರಣ ಪಠ್ಯಪುಸ್ತಕಗಳು ಇದನ್ನು ಎರಡು ಸಾಲಿನಲ್ಲಿ ದಾಟಿಬಿಡುತ್ತವೆ.

1932 ರ ಮತೀಯ ತೀರ್ಪು ಮತ್ತು 1935 ರ ಶಾಸನಗಳ ಪ್ರಕಾರ ಬಂಗಾಳದ ಶಾಸನಸಭೆಗೆ 250 ಸ್ಥಾನಗಳಾದುವು. ಇವನ್ನು ಹಂಚಿದ ಬಗೆಯನ್ನು ನೋಡಿ: ಮುಸಲ್ಮಾನರಿಗೆ 119, 'ಸಾಮಾನ್ಯ'ವೆಂದು, ಎಂದರೆ ಹೆಚ್ಚುಪಾಲು ಹಿಂದೂಗಳಿಗೆ, 80, ಇದರೊಳಗೆ ಪರಿಶಿಷ್ಟ ಜಾತಿಗಳಿಗೆ 30. ಸಾವಿರಕ್ಕೆ ಒಬ್ಬರೂ ಇಲ್ಲದಿದ್ದ ಐರೋಪ್ಯರಿಗೆ, ಅವರ ವ್ಯಾಪಾರ ಸಂಘಗಳ ಸ್ಥಾನಗಳೂ ಸೇರಿ, 25! ಉಳಿದುವು ಜಮೀನುದಾರರು, ಕಾರ್ಮಿಕರು, ವಿಶ್ವವಿದ್ಯಾಲಯಗಳು ಮುಂತಾದವರಿಗೆ. ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚಿದ್ದ ಮುಸಲ್ಮಾನರಿಗೆ ಅರ್ಧ ಸ್ಥಾನ ಸಿಕ್ಕಲಿಲ್ಲ. ಹಿಂದೂಗಳಿಗೂ ಅವರ ಸಂಖ್ಯೆಗೆ ತಕ್ಕಷ್ಟು ಸಿಕ್ಕಲಿಲ್ಲ. ಯಾವ ಒಂದು ಗುಂಪೂ ಒಂಟಿಯಾಗಿ ಸರ್ಕಾರ ರಚಿಸುವಂತಿರಲಿಲ್ಲ. ತಕ್ಕಡಿಯ ಮುಳ್ಳು ಐರೋಪ್ಯರ ಕೈಯಲ್ಲಿ ಉಳಿಯಿತು.

1937 ರ ಚುನಾವಣೆಯ ಬಳಿಕ ಬಾರಿಸಾಲಿನ ವಕೀಲ ಫಜಲುಲ್ ಹಕ್ ಪ್ರಧಾನರಾದರು (ಆಗ ಪ್ರಾಂತದ ಮುಖ್ಯಮಂತ್ರಿಗೆ ಹಾಗೆ ಹೆಸರು). ಇವರ ಕೃಷಕ ಪ್ರಜಾ ಪಕ್ಷವು ಧರ್ಮದ ಹೆಸರನ್ನು ಹೇಳದೆ ರೈತನ ಸಾಲ ಮತ್ತು ಗೇಣಿಯ ಮಾತನ್ನಾಡಿತ್ತು. ಬೇಳೆ-ಅನ್ನವೇ ಅದರ ಘೋಷಣೆಯಾಗಿತ್ತು. ಹಕ್ ಅವರು ಮೊದಲು ಕಾಂಗ್ರೆಸ್ಸಿನೊಡನೆ ಕೂಡಲೆಳಸಿದರು. ಮಾತುಕತೆ ಮುರಿಯಿತು. ಅವರು ಲೀಗಿನೊಡನೆ ಕೂಡಿದರು. 1940 ರಲ್ಲಿ ಲಾಹೋರಿನ ಗೊತ್ತುವಳಿಯನ್ನು ಮಂಡಿಸಿದವರೂ ಅವರೇ. ಮುಂದಿನ ವರ್ಷ ಲೀಗನ್ನು ಬಿಟ್ಟು ಹಿಂದೂ ಮಹಾಸಭೆಯ ಶ್ಯಾಮಪ್ರಸಾದ ಮುಖರ್ಜಿಯವರೊಡನೆ ಸೇರಿ ಮಂತ್ರಿಮಂಡಲ ರಚಿಸಿದವರೂ ಅವರೇ! ಕೆಲವರು ಇದನ್ನು ಚಂಚಲತೆಯೆನ್ನುತ್ತಾರೆ. ನಮಗಾದರೋ, 1941 ರವರೆಗೂ ಬಂಗಾಳದಲ್ಲಿ ಯಾವ ಬಾಗಿಲೂ ಪೂರ್ತಿ ಮುಚ್ಚಿರಲಿಲ್ಲವೆಂಬುದಕ್ಕೆ ಇದು ಸಾಕ್ಷಿಯಾಗಿ ತೋರುತ್ತದೆ.

ಆಮೇಲೆ ಒಂದೊಂದಾಗಿ ಮುಚ್ಚಿದುವು. 1943 ರ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನರು ಅಳಿದರೆಂದು ಅಂದಾಜು. ಕಲ್ಕತ್ತೆಯ ಹಾದಿಬದಿಯಲ್ಲಿ ಗಂಜಿಯ ತಿಳಿಗಾಗಿ ಬೇಡುತ್ತ ಹಳ್ಳಿಗರು ಸತ್ತರು. 1946 ರ ಚುನಾವಣೆಯಲ್ಲಿ ಮುಸ್ಲಿಂ ಸ್ಥಾನಗಳು ಬಹುಮಟ್ಟಿಗೆ ಎಲ್ಲವೂ ಲೀಗಿಗೆ ಸಂದುವು, ಸುಹ್ರಾವರ್ದಿ ಪ್ರಧಾನರಾದರು. ಆ ಆಗಸ್ಟ್ 16 ರ 'ನೇರ ಕಾರ್ಯಾಚರಣೆಯ ದಿನ' ಆರಂಭವಾದ ಕೊಲೆಗಳು ನಾಲ್ಕು ದಿನ ನಡೆದುವು. ಸತ್ತವರು ನಾಲ್ಕು ಸಾವಿರಕ್ಕೆ ಕಡಮೆಯಿಲ್ಲವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅವರಲ್ಲಿ ಎರಡೂ ಕಡೆಯವರಿದ್ದರು, ಹೆಚ್ಚಿನವರು ಬಡವರು.

1947 ರ ವಸಂತದಲ್ಲಿ ಒಂದು ಕೊನೆಯ ಪ್ರಯತ್ನ ನಡೆಯಿತು. ಸುಭಾಷರ ಅಣ್ಣ ಶರತ್‌ಚಂದ್ರ ಬೋಸರು, ಸುಹ್ರಾವರ್ದಿ, ಲೀಗಿನ ಅಬುಲ್ ಹಾಷಿಂ, ಕಾಂಗ್ರೆಸ್ಸಿನ ಕಿರಣಶಂಕರ ರಾಯ್ ಇವರು ಕೂಡಿ, ಬಂಗಾಳವು ಒಡೆಯದೆ ಸ್ವತಂತ್ರವಾಗಿ ಉಳಿಯಲೆಂದು ಯೋಜನೆ ಹಾಕಿದರು. ಮೇ 20 ರಂದು ಒಪ್ಪಿದ ಅದರ ಕರಡಿನಲ್ಲಿ ಒಂದು ಅಂಶ ಗಮನಾರ್ಹ: ಇನ್ನು ಮುಂದೆ ಜಂಟಿ ಮತಕ್ಷೇತ್ರ, ವಯಸ್ಕರೆಲ್ಲರಿಗೂ ಮತ. ಮೂವತ್ತೆಂಟು ವರ್ಷಗಳ ಬಳಿಕ ರೋಗದ ಬೇರು ಗೊತ್ತಾಗಿತ್ತು. ರೋಗಿ ಮಾತ್ರ ಕೈಮೀರಿದ್ದನು. ಹಿಂದಿನ ವರ್ಷದ ರಕ್ತ ಇನ್ನೂ ಆರಿರಲಿಲ್ಲ. ಸುಹ್ರಾವರ್ದಿಯವರ ಮಾತನ್ನು ಕಲ್ಕತ್ತೆಯ ಹಿಂದೂಗಳು ನಂಬಲಿಲ್ಲ. ಶ್ಯಾಮಪ್ರಸಾದರು ವಿರೋಧಿಸಿದರು, ದೆಹಲಿಯ ಕಾಂಗ್ರೆಸ್ ನಾಯಕರೂ ಒಪ್ಪಲಿಲ್ಲ.

ಜೂನ್ 20 ರಂದು ಕಲ್ಕತ್ತೆಯ ಶಾಸನಸಭಾ ಭವನದಲ್ಲಿ ಮತ ಹಾಕಲಾಯಿತು. ಸದಸ್ಯರು ಎರಡು ಗುಂಪಾಗಿ ಕುಳಿತರು. ಮುಸ್ಲಿಂ ಬಹುಸಂಖ್ಯಾತ ಜಿಲ್ಲೆಗಳ ಸದಸ್ಯರು 106 ಕ್ಕೆ 35 ರಂತೆ ವಿಭಜನೆ ಬೇಡವೆಂದರು. ಉಳಿದ ಜಿಲ್ಲೆಗಳವರು 58 ಕ್ಕೆ 21 ರಂತೆ ಬೇಕೆಂದರು. ಎರಡರಲ್ಲಿ ಒಂದು ಗುಂಪು ಬೇಕೆಂದರೂ ಒಡೆಯಬೇಕೆಂಬುದು ನಿಯಮ. ಆದುದರಿಂದ 58 ಮತಗಳು ನಿಶ್ಚಯಿಸಿದುವು. 1905 ರಲ್ಲಿ ಬಂಗಾಳ ಒಡೆಯಬಾರದೆಂದು ಒಲೆ ಹೊತ್ತಿಸದಿದ್ದವರ ಮಕ್ಕಳು ಮೊಮ್ಮಕ್ಕಳೇ ಈಗ ಒಡೆಯಲೆಂದರು. ಆಗ ಒಡೆದುದನ್ನು ಸ್ವಾಗತಿಸಿದವರ ಮಕ್ಕಳು ಬೇಡವೆಂದರು. ಇಬ್ಬರಲ್ಲೂ ಇದ್ದ ಭಯ ಒಂದೇ—ಇನ್ನೊಬ್ಬರ ಕೈಕೆಳಗೆ ಬದುಕಬೇಕಾದೀತೆಂಬುದು. ಈ ಶಾಸನಸಭೆಯನ್ನು ಆರಿಸಿದ್ದವರಾದರೂ ಆಸ್ತಿ, ತೆರಿಗೆ, ವಿದ್ಯೆಗಳ ಮೇಲೆ ಮತಾಧಿಕಾರ ಪಡೆದ ಕೆಲವರು. ಆರು ಕೋಟಿ ಬಂಗಾಳಿಗಳನ್ನು ಯಾರೂ ಕೇಳಲಿಲ್ಲ.

ಆಗಸ್ಟ್ 15 ರಂದು ಗಾಂಧೀಜಿಯವರು ದೆಹಲಿಯ ಸಂಭ್ರಮದಲ್ಲಿರಲಿಲ್ಲ. ಕಲ್ಕತ್ತೆಯ ಬೇಲಿಯಾಘಾಟದಲ್ಲಿ, ಹೈದರಿ ಮಂಜಿಲ್ ಎಂಬ ಪಾಳುಬಿದ್ದ ಮನೆಯಲ್ಲಿ, ಸುಹ್ರಾವರ್ದಿಯವರನ್ನೂ ಜತೆಗಿಟ್ಟುಕೊಂಡು, ಉಪವಾಸ ಮಾಡುತ್ತ ಚರಕ ನೂಲುತ್ತಿದ್ದರು. ಅಂದು ನಗರದಲ್ಲಿ ಹಿಂದೂ ಮುಸಲ್ಮಾನರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಬೀದಿಗಳಲ್ಲಿ ಮೆರೆದರು. ಎರಡು ವಾರ ಕಳೆದೊಡನೆ ಮತ್ತೆ ಗಲಭೆ. ಉದ್ರಿಕ್ತರು ಆ ಮನೆಗೇ ನುಗ್ಗಿದರು. ಸೆಪ್ಟೆಂಬರ್ 1 ರಂದು ಗಾಂಧೀಜಿ ಉಪವಾಸವನ್ನು ಕೈಗೊಂಡರು. ಆ ದಿನಗಳಲ್ಲಿ ಶಾಂತಿಯನ್ನು ಸಾರಹೊರಟ ಶಚೀಂದ್ರನಾಥ ಮಿತ್ರರಂತಹ ತರುಣರು ಪ್ರಾಣವನ್ನೇ ತೆತ್ತರು. 4 ರಂದು ಎರಡೂ ಕಡೆಯ ಮುಖಂಡರು ಬಂದು ಮಾತು ಕೊಟ್ಟ ಮೇಲೆ, ರಾತ್ರಿ, ಸುಹ್ರಾವರ್ದಿಯವರ ಕೈಯಿಂದ ಹಣ್ಣಿನ ರಸವನ್ನು ತೆಗೆದುಕೊಂಡು ಉಪವಾಸ ಮುರಿದರು. ಪಂಜಾಬಿನಲ್ಲಿ ಐವತ್ತೈದು ಸಾವಿರ ಸೈನಿಕರಿಂದ ಆಗದುದನ್ನು ಬಂಗಾಳದಲ್ಲಿ ಒಬ್ಬ ಮುದುಕರು ಮಾಡಿದರೆಂದು ಮೌಂಟ್‌ಬ್ಯಾಟನ್ನನೇ ಮೆಚ್ಚಿ ಬರೆದಿದ್ದನು. ಕೆಲವು ವರ್ಷಗಳ ಹಿಂದೆ ಕಲ್ಕತ್ತೆಗೆ ಹೋದಾಗ ನಾವು ಆ ಮನೆಯನ್ನು ಕಂಡೆವು. ಈಗ ಅದಕ್ಕೆ ಗಾಂಧಿ ಭವನವೆಂದು ಹೆಸರು. ದಾರಿ ಕೇಳಿದಾಗ ಮೂರು ಮಂದಿ ಮೂರು ಕಡೆಗೆ ಕೈ ತೋರಿಸಿದರು!

ರಾಡ್‌ಕ್ಲಿಫ್ ಎಳೆದ ಗಡಿಯು ಪ್ರಕಟವಾದುದು ಸ್ವಾತಂತ್ರ್ಯ ಬಂದು ಎರಡು ದಿನದ ಮೇಲೆ, ಆಗಸ್ಟ್ 17 ರಂದು. ಅಷ್ಟರಲ್ಲಿ ಮುರ್ಷಿದಾಬಾದಿನಲ್ಲಿ ಪಾಕಿಸ್ತಾನದ ಧ್ವಜ ಹಾರಿತ್ತು, ಖುಲ್ನಾದಲ್ಲಿ ಭಾರತದ್ದು. ಎರಡನ್ನೂ ಇಳಿಸಿ ಬದಲಾಯಿಸಬೇಕಾಯಿತು. ಮುಂದೆ ವರ್ಷಗಟ್ಟಲೆ ಕಲ್ಕತ್ತೆಯ ಸಿಯಾಲ್ಡಾ ರೈಲು ನಿಲ್ದಾಣದ ಕಲ್ಲುಹಾಸಿನ ಮೇಲೆ ಪೂರ್ವ ಬಂಗಾಳದ ಕುಟುಂಬಗಳು ಬಂದು ಮಲಗಿದುವು. 1951 ರ ಜನಗಣತಿಯ ವೇಳೆಗೆ ಪಶ್ಚಿಮ ಬಂಗಾಳದಲ್ಲಿ ಅಂತಹವರು ಸುಮಾರು 21 ಲಕ್ಷ. ಖಾಲಿ ನೆಲ ಕಂಡಲ್ಲಿ ರಾತ್ರೋರಾತ್ರಿ ಬಿದಿರಿನ ಗುಡಿಸಲುಗಳನ್ನೆಬ್ಬಿಸಿ, ಶಾಲೆಯೊಂದನ್ನು ಮೊದಲು ತೆರೆದು, ಬಡಾವಣೆಗಳನ್ನೇ ಕಟ್ಟಿಕೊಂಡರು. ಒಂದೇ ಭಾಷೆಯವರಾದರೂ ಹಳೆಯ ನಿವಾಸಿಗಳು 'ಘಟಿ', ಬಂದವರು 'ಬಾಂಗಾಲ್' ಎಂಬ ಭೇದ ಬೆಳೆಯಿತು. ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ತಂಡಗಳ ಫುಟ್‌ಬಾಲ್ ಪಂದ್ಯದ ದಿನ ಕಲ್ಕತ್ತೆಯು ಎರಡಾಗುವುದು ಇದರಿಂದಲೇ. ಅಲ್ಲಿ ಗೆದ್ದ ಕಡೆಯ ಮನೆಗಳಲ್ಲಿ ಸಿಗಡಿಯೋ ಹಿಲ್ಸಾ ಮೀನೋ ಬೇಯುತ್ತದೆ. ಇಷ್ಟು ಜಗಳವಾದರೆ ನಾಡಿಗೆ ನಷ್ಟವಿಲ್ಲ.

1950 ರ ನಮ್ಮ ಸಂವಿಧಾನವು ಪ್ರತ್ಯೇಕ ಮತಕ್ಷೇತ್ರಗಳನ್ನು ಕಿತ್ತೊಗೆಯಿತು. ಮತಪಟ್ಟಿ ಎಲ್ಲರಿಗೂ ಒಂದೇ. ಪರಿಶಿಷ್ಟ ಜಾತಿ ಪಂಗಡಗಳಿಗೆ ಸ್ಥಾನಗಳನ್ನು ಕಾದಿರಿಸಿದರೂ, ಅವರನ್ನು ಆರಿಸುವವರು ಆ ಕ್ಷೇತ್ರದ ಎಲ್ಲ ಮತದಾರರು. ಧರ್ಮದ ಗೆರೆಯಿಂದ ಇಷ್ಟು ನೊಂದ ನಾಯಕರು ಭಾಷೆಯ ಹೆಸರಿನಲ್ಲಿ ಹೊಸ ಗೆರೆಗಳನ್ನೆಳೆಯಲು ಅಂಜಿದರು. ಅಂಜಿಕೆಗೆ ಕಾರಣವಿತ್ತೆಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಭಾಷೆಯನ್ನು ಅದುಮಿಟ್ಟರೂ ಗಾಯವಾಗುತ್ತದೆಂಬುದನ್ನು ಮಾನಭೂಮ್ ತೋರಿಸಿತು.

1948 ರಿಂದ ಆ ಜಿಲ್ಲೆಯ ಶಾಲೆಗಳಲ್ಲಿಯೂ ಕಚೇರಿಗಳಲ್ಲಿಯೂ ಬಂಗಾಳಿಯ ಬದಲು ಹಿಂದಿಯನ್ನು ತರುವ ಯತ್ನ ನಡೆಯಿತು. ಮನೆಯಲ್ಲಿ ಆಡದ ಭಾಷೆಯಲ್ಲಿ ಮಗು ಲೆಕ್ಕವನ್ನೂ ಭೂಗೋಳವನ್ನೂ ಕಲಿಯಬೇಕಾದಾಗ ಆಗುವ ಸಂಕಟವನ್ನು ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅತುಲಚಂದ್ರ ಘೋಷರು ಮತ್ತು ಅವರ ಪತ್ನಿ ಲಾವಣ್ಯಪ್ರಭಾ ಘೋಷರು ಗಾಂಧೀಜಿಯ ಅನುಯಾಯಿಗಳು, ಹಳೆಯ ಕಾಂಗ್ರೆಸ್ಸಿಗರು. ಅವರು ಕಾಂಗ್ರೆಸ್ಸನ್ನು ಬಿಟ್ಟು 'ಲೋಕಸೇವಕ ಸಂಘ'ವನ್ನು ಕಟ್ಟಿದರು. ಆ ಸೀಮೆಯಲ್ಲಿ ಸಂಕ್ರಾಂತಿಯ ಕಾಲಕ್ಕೆ ಹೆಂಗಸರು ಹಾಡುವ 'ಟುಸು' ಎಂಬ ಹಾಡುಗಳಿವೆ. 1954 ರಲ್ಲಿ ಜನರು ಅದೇ ಮಟ್ಟಿನಲ್ಲಿ ತಮ್ಮ ಭಾಷೆಯ ಅಳಲನ್ನು ಹಾಡಿದರು. ಹಾಡಿದ್ದಕ್ಕಾಗಿ ಜೈಲಿಗೆ ಹೋದರು. ಅವರಲ್ಲಿ ಲೋಕಸಭೆಯ ಸದಸ್ಯರಾಗಿದ್ದ ಭಜಹರಿ ಮಹತೋ ಅವರೂ ಒಬ್ಬರು.

1956 ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಬಿಧಾನಚಂದ್ರ ರಾಯರೂ ಬಿಹಾರದ ಮುಖ್ಯಮಂತ್ರಿ ಶ್ರೀಕೃಷ್ಣ ಸಿಂಹರೂ ಎರಡು ರಾಜ್ಯಗಳನ್ನೇ ಒಂದು ಮಾಡಿಬಿಡೋಣವೆಂದು ಹೊರಟರು. ಗಡಿಯೇ ಇಲ್ಲದಿದ್ದರೆ ಗಡಿಯ ಜಗಳವೆಲ್ಲಿಯದು ಎಂಬ ತರ್ಕ! ಕಲ್ಕತ್ತೆಯು ಇದನ್ನು ಒಪ್ಪಲಿಲ್ಲ. ಏಪ್ರಿಲ್ 20 ರಂದು ಮಾನಭೂಮಿನ ಪಾಕ್‌ಬಿಡ್ರಾ ಹಳ್ಳಿಯಿಂದ ಸಾವಿರ ಮಂದಿ ಹೊರಟರು. ಅವರು ದಾರಿಯಲ್ಲಿರುವಾಗಲೇ ವಿಲೀನದ ಪ್ರಶ್ನೆಯ ಮೇಲೆ ಕಲ್ಕತ್ತೆಯಲ್ಲಿ ನಡೆದ ಒಂದು ಲೋಕಸಭಾ ಉಪಚುನಾವಣೆಯಲ್ಲಿ ಕಾಂಗ್ರೆಸ್ ಸೋತಿತು. ಮೇ ಮೊದಲ ವಾರದಲ್ಲಿ ರಾಯರು ಯೋಜನೆಯನ್ನು ಹಿಂತೆಗೆದುಕೊಂಡರು. ನಡೆಯುತ್ತಿದ್ದವರು ಹಿಂದಿರುಗಲಿಲ್ಲ. ಮೇ 6 ರಂದು ಹೌರಾ ಸೇತುವೆಯನ್ನು ದಾಟಿ ನಗರವನ್ನು ಹೊಕ್ಕರು. ಮರುದಿನ ಪೊಲೀಸರು ಅವರನ್ನು ಬಂಧಿಸಿದರು. 1905 ರಲ್ಲಿ ರಾಖಿ ಕಟ್ಟಿದ ಬೀದಿಗಳೇ ಅವು, 1946 ರಲ್ಲಿ ಹೆಣಗಳು ಬಿದ್ದ ಬೀದಿಗಳೂ ಅವೇ. ಈ ಸಲ ಯಾರ ಮೇಲೂ ಕೈಯೆತ್ತದ ಸಾವಿರ ಮಂದಿ ಹಾಡುತ್ತ ಹಾದುಹೋದರು.

ಆರು ತಿಂಗಳ ಬಳಿಕ, ನವೆಂಬರ್ 1 ರಂದು, ಪುರುಲಿಯಾ ಜಿಲ್ಲೆಯು ಪಶ್ಚಿಮ ಬಂಗಾಳವನ್ನು ಸೇರಿತು. ಮಾನಭೂಮ್ ಇಡಿಯಾಗಿ ಬರಲಿಲ್ಲ. ಧನಬಾದ್ ಅತ್ತಲೇ ಉಳಿಯಿತು. ಚಾಸ್, ಚಾಂಡಿಲ್ ಮುಂತಾದ ಠಾಣೆಗಳೂ ಬಿಹಾರದಲ್ಲೇ ಉಳಿದು, 2000 ದಿಂದ ಜಾರ್ಖಂಡಿನಲ್ಲಿವೆ. ಅಲ್ಲಿನ ಹಲವು ಮನೆಗಳಲ್ಲಿ ಇಂದಿಗೂ ಬಂಗಾಳಿ ಮಾತು ಕೇಳಿಬರುತ್ತದೆ. ನಮ್ಮ ಕಾಸರಗೋಡು ಕೇರಳದ ಪಾಲಾದುದೂ ಅದೇ ನವೆಂಬರ್ 1 ರಂದು. ಅಲ್ಲಿಯೂ ಕನ್ನಡ ಶಾಲೆಗಳಲ್ಲಿ ಮಕ್ಕಳು ಇಂದಿಗೂ ನಾವು ಓದುವ ಅಕ್ಷರಗಳನ್ನೇ ಓದುತ್ತಿದ್ದಾರೆ.